ನೂರು ಕೊಂಡಿಗೆ ಆರು ನಿಮಿಷ

ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುತ್ತೇನೆ. ಪ್ರತಿ ವರ್ಷ ಅವರು ಇಂಟರ್ನ್‌ಶಿಪ್‌ಗೆ ಹೊರಡುವ ಮುಂಚೆ ಎಲ್ಲರನ್ನೂ ಸೆಮಿನಾರ್ ಹಾಲಿನಲ್ಲಿ ಕೂಡಿಸಿ, "ಮೇಡಂ, ನಿಮ್ಮ ಮೊದಲನೇ ಕೆಲಸದ ಅನುಭವ ನಾಕ್ ಮಾತು ಹೇಳ್ರಿ" ಎಂದು ನನ್ನ ಕೈಗೆ ಮೈಕು ಕೊಡುತ್ತಾರೆ. ನಾನೂ ಹೇಳುತ್ತೇನೆ. ಶಿಸ್ತು ಕಲಿತೆ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವುದು ಕಲಿತೆ, ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ, ಹಿಂದಿನ ಸಾಲಿನವರು ಆಕಳಿಸುತ್ತಾರೆ. ನಾನು ಹೇಳುವುದೆಲ್ಲ ಶುದ್ಧ ಸುಳ್ಳು. ನನ್ನ ದೊಡ್ಡವ್ವನ ಕೆಲಸ ನಾನೇ ಕಳೆದೆ ಎಂದು ಮೈಕಿನಲ್ಲಿ ಹೇಳಲು ಬರುವುದಿಲ್ಲ. ಹೇಳಬೇಕಾದದ್ದು ಅದೊಂದೇ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಇಳಕಲ್‌ನಲ್ಲಿ ನಮ್ಮ ಓಣಿಯ ಪಕ್ಕದ ಓಣಿಯಲ್ಲಿ ಒಬ್ಬಳೇ ಇರುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರಿನ ಒಬ್ಬ ಸೀರೆ ಮಾಲಕರ ಶೆಡ್ಡಿನಲ್ಲಿ ಕೊಂಡಿ ಹಾಕುವ ಕೆಲಸ ಅವಳದು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಸೆರಗಿಗೆ ಬೇರೆಯದೇ ಹಾಸು. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ರೇಷ್ಮೆ ಎಳೆಗೆ ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ, ಎಲ್ಲವೂ ಬೆರಳಲ್ಲೇ. ಒಂದು ತಪ್ಪಿದರೂ ನೇಯ್ದ ಮೇಲೆ ಸೆರಗು ಶುರುವಾಗುವ ಕಡೆ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ನಮ್ಮ ಎರಡೂ ಓಣಿಗಳ ಹೆಣ್ಣುಮಕ್ಕಳು ಈ ಕೆಲಸ ಕಲಿತದ್ದು ದೊಡ್ಡವ್ವನ ಕೈಯಲ್ಲಿ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಂದೇ ಕಿಟಕಿ, ಬೆಳಕು ಚೆನ್ನಾಗಿ ಬೀಳುವ ಆ ಜಾಗ ಅವಳದು. ಬೆಳಿಗ್ಗೆ ಅವಳು ಬರುವ ಮುಂಚೆಯೂ ಅಲ್ಲಿ ಬೇರೆ ಯಾರೂ ಕೂಡುತ್ತಿರಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಊರಲ್ಲಿ ಒಂದು ಮಾನ ಇತ್ತೆಂದರೆ ಅದು ಆ ಕಿಟಕಿಯಿಂದ.

ನಾನಾಗ ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಇಂಡಸ್ಟ್ರಿಯಲ್ ಪ್ರೊಡಕ್ಷನ್ ಓದುತ್ತಿದ್ದೆ. ಕಡ್ಡಾಯವಾಗಿ ಒಂದು ತಿಂಗಳು ಎಲ್ಲಾದರೂ ಕೆಲಸ ಮಾಡಿ ರಿಪೋರ್ಟ್ ಕೊಡಬೇಕಿತ್ತು. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಮಂದಿ ಎಲ್ಲಿಗೂ ಹೋಗಲಿಲ್ಲ. ಒಬ್ಬನ ಮಾವನದೋ ಇನ್ನೊಬ್ಬನ ಪರಿಚಯದವರದೋ ಸಿಕ್ಕಾ ಹೊಡೆಸಿಕೊಂಡ ಸರ್ಟಿಫಿಕೇಟ್ ತಂದರು, ಹಿಂದಿನ ವರ್ಷದವರ ರಿಪೋರ್ಟಿಗೆ ಹೊಸ ರಟ್ಟು ಹಾಕಿಸಿದರು. ಆ ತಿಂಗಳು ಬಾದಾಮಿಗೆ ಹೋಗಿ ಗುಡ್ಡ ಹತ್ತಿ ಫೋಟೊ ತೆಗೆಸಿಕೊಂಡರು, ಬನಶಂಕರಿಯಲ್ಲಿ ಕೂತು ರೊಟ್ಟಿ ಊಟ ಮಾಡಿ ಬಂದರು. ನನಗೆ ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಾನೊಬ್ಬಳೇ ಖರೆ ಕೆಲಸ ಮಾಡುವವಳು ಎಂಬ ಗರ್ವ. ಈಗ ಯೋಚಿಸಿದರೆ ಆ ಕಳ್ಳರಿಂದ ಒಂದು ನರಪಿಳ್ಳೆಗೂ ತೊಂದರೆಯಾಗಲಿಲ್ಲ. ಪ್ರಾಮಾಣಿಕಳಾಗಿ ಕೆಲಸಕ್ಕೆ ಹೋದವಳು ನಾನು.

ಜಾಗ ಕೊಡಿಸಿದವಳೂ ದೊಡ್ಡವ್ವನೇ. ನಾನು ಗ್ರಾನೈಟ್ ಪಾಲಿಶ್ ಮಾಡುವ ಎರಡು ಕಡೆ ಹೋಗಿ ಕೇಳಿದ್ದೆ. ಹುಡುಗಿಯರಿಗೆ ಇಲ್ಲಿ ಅನುಕೂಲ ಆಗುವುದಿಲ್ಲ ಎಂದು ಕಳಿಸಿದ್ದರು. ಅದು ಕೇಳಿದ್ದೇ ತಡ, ದೊಡ್ಡವ್ವ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಮಾಲಕರ ಮನೆಗೆ ಹೋದಳು. ನಾನು ಹಿಂದೆ ನಿಂತಿದ್ದೆ.

"ನಮ್ಮ ಹುಡುಗಿರಿ. ಇಂಜಿನೇರ್ ಕಲಿಯಾಕತ್ತ್ಯಾಳ. ಒಂದ್ ತಿಂಗಳು ಶೆಡ್ಡಿನಾಗ ಒಂದ್ ಮೂಲ್ಯಾಗ ಕುಂತು ನೋಡ್ತಾಳಂತ. ಇಲ್ಲ ಅನಬ್ಯಾಡ್ರಿ" ಅಂದಳು.

ಮಾಲಕರು ಮೃದು ಮಾತಿನವರು. "ನೀ ಬಂದು ಕೇಳಿದ ಮ್ಯಾಲೆ ಇಲ್ಲ ಅಂತೀನೇನಬೇ? ಬರಲಿ" ಅಂದರು. ಅಷ್ಟು ವರ್ಷಗಳಲ್ಲಿ ಅವಳು ಅವರ ಹತ್ತಿರ ಕೇಳಿದ್ದು ಅದೊಂದೇ ಉಪಕಾರ ಎಂದು ಅವ್ವ ಆಮೇಲೆ ಹೇಳಿದಳು.

ಮೊದಲ ವಾರ ಮಗ್ಗಗಳ ನಡುವೆ ಪುಸ್ತಕ ಹಿಡಿದುಕೊಂಡು ಅಡ್ಡಾಡಿದೆ. ನೇಕಾರರು ಒಂದೆರಡು ದಿನ ಸಹಿಸಿಕೊಂಡು, ಆಮೇಲೆ "ಯವ್ವಾ, ಅಲ್ಲಿ ನಿಂದ್ರಬ್ಯಾಡ, ಬೆಳಕಿಗೆ ಅಡ್ಡ ಆಗ್ತೈತಿ" ಎಂದು ಜರುಗಿಸಿದರು. ಹಿಂದಿನ ಕೋಣೆಗೆ ಹೋಗಿ ದೊಡ್ಡವ್ವನ ಪಕ್ಕ ಕೂತೆ. ಅಲ್ಲಿ ದೊಡ್ಡವ್ವನೂ ಸೇರಿ ಐದು ಜನ ಹೆಂಗಸರು ಕೊಂಡಿ ಹಾಕುತ್ತಿದ್ದರು. ಕೈ ನಡೆಯುತ್ತಿದ್ದಂತೆ ಬಾಯಿಯೂ ನಡೆಯುತ್ತಿತ್ತು. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಹುನಗುಂದದ ದವಾಖಾನೆಯ ಹೊಸ ಡಾಕ್ಟರು ಎಷ್ಟು ಸಿಡುಕ, ಎಲ್ಲವೂ ಅಲ್ಲೇ ತೀರ್ಮಾನ. ನಡುನಡುವೆ ಏಳುತ್ತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು, ಚಹಾ ಬಂದರೆ ಬಸಿಯಲ್ಲಿ ಹಾಕಿ ಆರಿಸಿ ಕುಡಿಯುತ್ತಿದ್ದರು. ದೊಡ್ಡವ್ವ ಮಾತು ಕಡಿಮೆ. ಯಾವುದೋ ಹಾಡಿನ ಒಂದೇ ಸಾಲನ್ನು ಮೂಗಿನಲ್ಲಿ ಗುನುಗುತ್ತಿದ್ದಳು, ಆ ಗುನುಗಿಗೆ ಸರಿಯಾಗಿ ಬೆರಳು ಆಡುತ್ತಿದ್ದವು.

ವಾರಕ್ಕೊಮ್ಮೆ ಕಾಲೇಜಿಗೆ ಹೋಗಿ, ನನಗೆ ಗೈಡ್ ಆಗಿದ್ದ ಮಾಸ್ತರಿಗೆ ವರದಿ ಒಪ್ಪಿಸಬೇಕಿತ್ತು. ನಾನು ಬರೆದುಕೊಂಡಿದ್ದನ್ನು ಅವರು ಎರಡು ಹಾಳೆ ತಿರುವಿ, "ಇದೇನು ಕಥೀ ಬರದೀ? ಏನಾದ್ರೂ ಅಳತಿ ಮಾಡ್ಕೊಂಡು ಬಾ. ಟೈಮ್ ಸ್ಟಡಿ ಮಾಡು. ನಂಬರಿಲ್ಲದ ರಿಪೋರ್ಟ್ ನಾ ಮುಟ್ಟಂಗಿಲ್ಲ" ಅಂದರು. ಇಳಕಲ್‌ಗೆ ವಾಪಸು ಬರುವ ಬಸ್ಸಿನಲ್ಲಿ ಹುನಗುಂದ ದಾಟುವುದರೊಳಗೆ ನಾನು ಅಳೆಯುವ ಕೆಲಸ ಯಾವುದೆಂದು ನಿಶ್ಚಯ ಮಾಡಿದ್ದೆ.

ಆ ಸಂಜೆ ದೊಡ್ಡವ್ವನ ಮನೆಯಲ್ಲಿ ರೊಟ್ಟಿ ತಿನ್ನುತ್ತ ಹೇಳಿದೆ. ಹೇಳಿದ ಮಾತು ಇವತ್ತಿಗೂ ಹಾಗೆಹಾಗೇ ನೆನಪಿದೆ.

"ನಾಳಿಂದ ಮೂರು ದಿನ ನಿಮ್ಮ ಕೆಲಸಕ್ಕ ಫೋನಿನಾಗ ಟೈಮ್ ಹಚ್ಚಿ ಬರಕೊಳ್ತೇನಿ. ನೂರು ಕೊಂಡಿಗೆ ಎಷ್ಟು ಹೊತ್ತು ಹಿಡೀತೈತಿ ಅಂತ. ಅದರ ಮ್ಯಾಲ ನನ್ನ ಮಾರ್ಕ್ಸ್ ಐತಿ, ದೊಡ್ಡವ್ವಾ."

"ಎಷ್ಟು ಬರಬೇಕು?" ಅಂದಳು.

"ಎಷ್ಟರ ಬರಲಿ. ದಿನಾ ಮಾಡಿದಂಗ ಮಾಡ್ರಿ, ಅಷ್ಟ."

ಅವಳು ನನ್ನ ಮುಖ ನೋಡಿದಳು. ಎಷ್ಟಾದರೂ ಬರಲಿ ಎನ್ನುವ ಪರೀಕ್ಷೆ ಎಲ್ಲಾದರೂ ಇರುತ್ತದೆಯೇ ಎಂದು ಅವಳಿಗೆ ಅನಿಸಿರಬೇಕು. ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಮರುದಿನ ನಾನು ಫೋನು, ಪೆನ್ನು, ಗೆರೆ ಎಳೆದ ಹಾಳೆ ಹಿಡಿದು ಹೋದಾಗ ಐದೂ ಜನ ಆಗಲೇ ಕೂತುಬಿಟ್ಟಿದ್ದರು. ಯಾರೂ ಮಾತಾಡಲಿಲ್ಲ. ನಾನು ಫೋನಿನ ಗುಂಡಿ ಒತ್ತಿದೆ. ಅಷ್ಟೂ ಕೈಗಳು ಒಮ್ಮೆಲೇ ಓಡತೊಡಗಿದವು. ಚಹಾ ಬಂತು. "ಆಮ್ಯಾಲೆ" ಎಂದು ಕಣ್ಣೆತ್ತದೆ ಹೇಳಿ ಕಳಿಸಿದರು. ಐವರಲ್ಲಿ ಎಲ್ಲರಿಗಿಂತ ಹಿರಿಯಳಾದ, ದಪ್ಪ ಕನ್ನಡಕದ ಅಜ್ಜಿ ಯಾವಾಗಲೂ ಗಳಿಗೆಗೊಮ್ಮೆ ಎದ್ದು ಹೊರಗೆ ಹೋಗಿ ಬರುವವಳು, ಅವಳೂ ಏಳಲಿಲ್ಲ. ದೊಡ್ಡವ್ವ ಗುನುಗುತ್ತಿರಲಿಲ್ಲ. ಅವಳ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ನೂರು ಕೊಂಡಿಗೆ ಆರು ನಿಮಿಷ, ಒಮ್ಮೆ ಅದಕ್ಕೂ ಕಡಿಮೆ. ಎರಡನೇ ದಿನ ಅಷ್ಟೇ. ಮೂರನೇ ದಿನವೂ ಅಷ್ಟೇ.

ನನಗೆ ಏನೂ ಗೊತ್ತಾಗಲಿಲ್ಲ ಎಂದು ಹೇಳಿ ಪಾರಾಗಬಹುದು. ಆದರೆ ಗೊತ್ತಾಗಿತ್ತು. ಗುನುಗು ನಿಂತದ್ದು ಕೇಳಿಸಿತ್ತು, ಬೆವರು ಕಂಡಿತ್ತು. ಅಳೆಸಿಕೊಳ್ಳುವವರು ಎಂದಿನ ಹಾಗೆ ಕೆಲಸ ಮಾಡುತ್ತಿಲ್ಲ ಅನಿಸಿದರೆ ಅದನ್ನು ಲೆಕ್ಕದಲ್ಲಿ ಸರಿ ಮಾಡಬೇಕು, ದಣಿವಿಗೆ, ನೀರಿಗೆ, ಬೆನ್ನಿಗೆ ಬೇರೆ ಸಮಯ ಕೂಡಿಸಬೇಕು ಎಂದು ನಮ್ಮ ಪುಸ್ತಕದಲ್ಲೇ ಇತ್ತು. ಹಿಂದಿನ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದು, ಉತ್ತರ ಬರೆದು, ಪೂರ್ತಿ ಮಾರ್ಕ್ಸ್ ತೆಗೆದುಕೊಂಡವಳು ನಾನು. ಆದರೂ ಕೂಡಿಸಲಿಲ್ಲ. ಯಾಕೆಂದರೆ ಅಂಕಿಗಳು ಬಹಳ ಚೆಂದ ಇದ್ದವು. ಮೂರು ದಿನದ ಗೆರೆ ದಾರ ಹಿಡಿದು ಎಳೆದ ಹಾಗೆ ನೇರವಾಗಿ ಬಂದಿತ್ತು. ಅದನ್ನು ಸೊಟ್ಟ ಮಾಡಲು ನನಗೆ ಮನಸ್ಸು ಬರಲಿಲ್ಲ.

ರಿಪೋರ್ಟಿನ ಕೊನೆಗೆ ಸಲಹೆಗಳು ಎಂದು ಒಂದು ಪುಟ ಇರಲೇಬೇಕು ಎಂದು ಗೈಡ್ ಹೇಳಿದ್ದರು. ಏನು ಸಲಹೆ ಕೊಡುವುದು? ಕೂತು ಗುಣಿಸಿದೆ, ಭಾಗಿಸಿದೆ. ಆರು ನಿಮಿಷದ ಲೆಕ್ಕದಲ್ಲಿ ಹೋದರೆ ಈ ಕೆಲಸಕ್ಕೆ ಐದು ಜನ ಬೇಡ, ಮೂರು ಜನ ಸಾಕು ಎಂದು ಬಂತು. ಇಂಗ್ಲಿಷಿನಲ್ಲಿ ಬರೆದೆ, ಕೆಳಗೆ ಗೆರೆ ಎಳೆದೆ. ಮಾಲಕರ ಸಹಿ ತೆಗೆದುಕೊಳ್ಳಲು ಹೋದಾಗ ಅವರು ಸುಮ್ಮನೆ ಪುಟ ತಿರುವುತ್ತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಹಿ ಹಾಕಿ ಕೊಟ್ಟುಬಿಡುತ್ತಿದ್ದರು. ನಾನೇ, ಕೇಳದಿದ್ದರೂ, ಆ ಪುಟದ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಮೂರ ಮಂದಿ ಸಾಕಾಗ್ತಾರೇನ್ರಿ?" ಅಂದರು.

"ಲೆಕ್ಕದ ಪ್ರಕಾರ ಸಾಕ್ರಿ" ಅಂದೆ. ನನ್ನ ದನಿಯಲ್ಲಿದ್ದ ಠೀವಿ ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅವರು ಒಂದು ಪ್ರತಿ ಕೇಳಿದರು. ನನ್ನ ಕೆಲಸಕ್ಕೆ ಎಷ್ಟು ಬೆಲೆ ಬಂತು ಎಂದು ಹಿಗ್ಗುತ್ತ, ರಟ್ಟು ಹಾಕಿಸಿದ ಪ್ರತಿಯನ್ನೇ ಕೊಟ್ಟು ಬಂದೆ. ಕಾಲೇಜಿನಲ್ಲಿ ಗೈಡು ಭೇಷ್ ಅಂದರು. ಇಡೀ ಕ್ಲಾಸಿನ ಎದುರು ನಿಲ್ಲಿಸಿ ಓದಿಸಿದರು.

ಎರಡು ತಿಂಗಳು ಊರ ಕಡೆ ಹೋಗಲಾಗಲಿಲ್ಲ. ಹೋದಾಗ, ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆಯುತ್ತಿದ್ದಾಗ ಕಾಯಿಪಲ್ಲೆ ಸಂತೆಯ ಹತ್ತಿರ ಕನ್ನಡಕದ ಅಜ್ಜಿ ಕಂಡಳು. ಮಧ್ಯಾಹ್ನ ಹನ್ನೆರಡು ಗಂಟೆ, ಶೆಡ್ಡಿನಲ್ಲಿರಬೇಕಾದ ಹೊತ್ತು. "ಯಾಕಜ್ಜಿ, ಇವತ್ತ ಸೂಟಿ ಏನು?" ಅಂದೆ.

"ನನಗ ದಿನಾ ಸೂಟಿನ ಈಗ. ನನ್ನೂ, ಆ ಮೂಲಿಮನಿ ಹುಡುಗೀನೂ ಬರಬ್ಯಾಡ ಅಂದ್ರು. ಮೂರ ಮಂದಿ ಸಾಕಂತ" ಅಂದಳು. ಸಿಟ್ಟು ಇರಲಿಲ್ಲ. ಕನ್ನಡಕ ಮೇಲೇರಿಸಿಕೊಂಡು, "ಅದಿರಲಿ, ನಿನ್ನ ಪರೀಕ್ಷಾ ಹೆಂಗಾತು? ಪಾಸಾದಿ?" ಅಂದಳು.

"ಯಾವ ಪರೀಕ್ಷಾ ಅಜ್ಜಿ?"

"ಅದ, ಫೋನ್ ಹಿಡ್ಕೊಂಡು ಕುಂತಿದ್ದಿಯಲ್ಲ. ನಿಮ್ಮ ದೊಡ್ಡವ್ವ ಹಿಂದಿನ ದಿನ ಸಂಜಿಕೆ ಎಲ್ಲಾರ ಮನಿಗೂ ಬಂದು ಹೇಳಿದ್ಲು. ಹುಡುಗಿ ಪರೀಕ್ಷಾದ ನಂಬರ್ ನಮ್ಮ ಕೈಯಾಗ ಅದಾವ, ಮೂರು ದಿನ ಯಾರೂ ತಲಿ ಎತ್ತಬ್ಯಾಡ್ರಿ ಅಂತ. ನಾವು ನೀರ ಸೈತ ಕುಡೀಲಿಲ್ಲ ಖರೆ. ಎದ್ದು ಹೋಗೂದು ಬರತೈತಿ ಅಂತ."

ಪಾಸಾದೆ ಅಂದೆ. "ಆತು ಬಿಡವ್ವ, ಅಷ್ಟ ಬೇಕಾಗಿತ್ತು" ಎಂದು ಆಕೆ ಬದನೆಕಾಯಿ ಆರಿಸುವುದಕ್ಕೆ ಬಗ್ಗಿದಳು.

ನಾನು ಮನೆಗೆ ಹೋಗದೆ ನೆಟ್ಟಗೆ ಮಾಲಕರ ಹತ್ತಿರ ಹೋದೆ. ಅವರು ಕುರ್ಚಿ ಹಾಕಿಸಿದರು, ನೀರು ತರಿಸಿದರು. ಆ ಲೆಕ್ಕ ಸರಿಯಿಲ್ಲ, ಅವರು ಆ ಮೂರು ದಿನ ನನ್ನ ಸಲುವಾಗಿ ಓಡಿ ಓಡಿ ಮಾಡಿದರು, ದಿನಾಲೂ ಹಾಗೆ ಮಾಡಿದರೆ ಕೈ ಹೋಗುತ್ತವೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಎದ್ದು ಕಪಾಟಿನಿಂದ ನನ್ನ ರಟ್ಟಿನ ರಿಪೋರ್ಟು ತೆಗೆದು ಮೇಜಿನ ಮೇಲೆ ಇಟ್ಟರು. ಕಾಲೇಜಿನ ಸಿಕ್ಕಾ, ಗೈಡಿನ ಸಹಿ, ನನ್ನ ಸಹಿ.

"ನೀವ ಬರದದ್ದಲ್ಲೇನು ತಂಗಿ?"

"ಹೌದ್ರಿ. ಆದ್ರ ಅದು ತಪ್ಪೈತ್ರಿ."

"ತಪ್ಪಿದ್ರ ತಪ್ಪೈತಿ ಅಂತ ನಿಮ್ಮ ಕಾಲೇಜಿಗೆ ಒಂದು ಕಾಗದ ಬರೀರಿ. ಅದರ ಪ್ರತಿ ನನಗ ಕೊಡ್ರಿ. ಐದೂ ಮಂದೀನ ಮತ್ತ ಕರಸ್ತೇನಿ. ನನಗೇನು, ನೀವು ಕಲತವರು ಹೇಳಿದಂಗ ನಡಿಯಾವ."

ಮಾತಿನಲ್ಲಿ ಚುಚ್ಚಿರಲಿಲ್ಲ. ನಿಜವಾಗಿಯೂ ಕರೆಸುತ್ತಿದ್ದರೋ ಏನೋ. ಬರೆಯುತ್ತೇನೆ ಎಂದು ಹೇಳಿ ಎದ್ದು ಬಂದೆ. ಒಂದು ಹಾಳೆಯ ಕೆಲಸ. ಬರೆದರೆ ರಿಪೋರ್ಟು ರದ್ದಾಗುತ್ತಿತ್ತು, ಇನ್ನೊಂದು ತಿಂಗಳು ಮತ್ತೆ ಮಾಡಬೇಕಾಗುತ್ತಿತ್ತು, ಕಂಪನಿಗಳು ಕ್ಯಾಂಪಸ್ಸಿಗೆ ಬರುವ ಹೊತ್ತಿನಲ್ಲಿ ನನ್ನ ಹೆಸರಿನ ಮುಂದೆ ಒಂದು ಕೆಂಪು ಗುರುತು ಬೀಳುತ್ತಿತ್ತು. ಅಷ್ಟೇ ಆಗುತ್ತಿದ್ದದ್ದು. ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ದೊಡ್ಡವ್ವ ಶೆಡ್ಡಿನಿಂದ ಬಂದಾಗ ಅವಳ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದೆ. ಬಲಗೈಯ ಹೆಬ್ಬೆರಳಿಗೆ ಅರಿಷಿಣ ಹಚ್ಚಿದ ಬಟ್ಟೆ ಸುತ್ತಿಕೊಂಡಿದ್ದಳು. ಮಾಲಕರು ಹೇಳಿದ್ದನ್ನು ಹೇಳಿದೆ. ಕಾಗದ ಬರೆಯುತ್ತೇನೆ ಎಂದೂ ಹೇಳಿದೆ.

"ಬರದ್ರ ನಿನಗೇನಾಗ್ತೈತಿ?" ಅಂದಳು.

ಹೇಳಿದೆ.

"ಹಂಗಾದ್ರ ಬ್ಯಾಡ. ಸುಮ್ಮನಿರು. ನನ್ನ ಕೈ ಇನ್ನೂ ಗಟ್ಟಿ ಅದಾವ. ನಾ ಮಾಡ್ತೇನಿ" ಎಂದು ಒಳಗೆ ಹೋಗಿ ಒಲೆ ಹಚ್ಚಿದಳು.

ನನಗೆ ಬೇಕಾಗಿದ್ದದ್ದೂ ಅದೇ ಮಾತು. ಅವಳ ಬಾಯಿಂದ ಅದನ್ನು ಹೊರಡಿಸಲಿಕ್ಕೇ ನಾನು ಆ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದೆನೇನೋ ಎಂದು ಈಗ ಅನಿಸುತ್ತದೆ. ಬರೆಯುವವಳಾಗಿದ್ದರೆ ಕೇಳಲು ಯಾಕೆ ಹೋಗುತ್ತಿದ್ದೆ? ಮರುದಿನ ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋದೆ. ಕಾಗದ ಬರೆಯಲಿಲ್ಲ.

ಐದು ಜನರ ಕೆಲಸವನ್ನು ಮೂರು ಜನ ಮಾಡಿದರು. ಅದರಲ್ಲಿ ದೊಡ್ಡವ್ವ ಹೆಚ್ಚಿನ ಪಾಲು ತಾನೇ ಎಳೆದುಕೊಂಡಳು ಎಂದು ಅವ್ವ ಫೋನಿನಲ್ಲಿ ಹೇಳುತ್ತಿದ್ದಳು. ಹೇಳುವಾಗ ಅವ್ವನ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು. ಆದರೆ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಚಳಿಗಾಲ ಬಂದಾಗ ದೊಡ್ಡವ್ವನ ಬೆರಳು ಮಡಚಲು ಬರದ ಹಾಗಾಯಿತು. ಕಣ್ಣು ಮಂಜಾಯಿತು. ಒಂದು ದಿನ ನೇಯ್ದು ಮುಗಿದ ಸೀರೆಯೊಂದನ್ನು ಮಾಲಕರು ಹಿಂದಿನ ಕೋಣೆಗೆ ತರಿಸಿ, ಸೆರಗು ಕೂಡುವ ಜಾಗ ಬೆಳಕಿಗೆ ಹಿಡಿದು ತೋರಿಸಿದರು. ಆರೇಳು ಕಡೆ ಕೊಂಡಿ ತಪ್ಪಿತ್ತು. ಬೈಯಲಿಲ್ಲ. ಮಡಿಚಿ ಪಕ್ಕಕ್ಕಿಟ್ಟು, "ಇನ್ನ ಸಾಕು ಬೇ, ಮನ್ಯಾಗ ಆರಾಮ ಇರು" ಅಂದರು. ಕಿಟಕಿಯ ಜಾಗಕ್ಕೆ, ಅವಳೇ ಕೆಲಸ ಕಲಿಸಿದ್ದ ಒಬ್ಬಳು ಬಂದು ಕೂತಳು. ಅದಾದ ಮೇಲೆ ದೊಡ್ಡವ್ವ ಆ ಶೆಡ್ಡಿರುವ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟಳು. ಹಿಟ್ಟಿನ ಗಿರಣಿಗೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದಳು.

ಆ ಸಲ ಕ್ಯಾಂಪಸ್ಸಿನಲ್ಲಿ ನನಗೆ ಯಾವ ಕಂಪನಿಯ ಕೆಲಸವೂ ಸಿಗಲಿಲ್ಲ. ಇಂಟರ್ವ್ಯೂ ಮಾಡಿದ ಯಾರೂ ಆ ರಿಪೋರ್ಟಿನ ರಟ್ಟು ಕೂಡ ತೆರೆಯಲಿಲ್ಲ. ಬಾದಾಮಿಯ ಗುಡ್ಡ ಹತ್ತಿ ಬಂದವರಲ್ಲಿ ಇಬ್ಬರಿಗೆ ಸಿಕ್ಕಿತು. ಮುಂದೆ ಓದಿದೆ, ಓದಿದ್ದನ್ನೇ ಹೇಳಿಕೊಡುವ ಕೆಲಸ ಹಿಡಿದೆ. ಈಗ ಟೈಮ್ ಸ್ಟಡಿಯ ಪಾಠ ನಾನೇ ಮಾಡುತ್ತೇನೆ. ದಣಿವಿಗೆ ಸಮಯ ಕೂಡಿಸುವ ಭಾಗ ಬಂದಾಗ ಹಲಗೆಯ ಕಡೆ ತಿರುಗಿಕೊಂಡು ಬರೆಯುತ್ತೇನೆ.

ಎರಡು ವರ್ಷದಿಂದ ದೊಡ್ಡವ್ವ ಬಾಗಲಕೋಟೆಯಲ್ಲಿ ನನ್ನ ಜೊತೆಗಿದ್ದಾಳೆ. ಕಣ್ಣಿನ ಆಪರೇಶನ್ನಿಗೆಂದು ಕರೆತಂದವಳು, ವಾಪಸು ಕಳಿಸಲಿಲ್ಲ. ಬಂದವರೆಲ್ಲ ದೊಡ್ಡವ್ವನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀ ಎಂದು ನನ್ನನ್ನು ಹೊಗಳುತ್ತಾರೆ. ಆಗ ಅವಳೂ ಹೌದು ಹೌದು ಎಂದು ತಲೆಯಾಡಿಸುತ್ತಾಳೆ. ಆ ಹೊತ್ತಿಗೆ ನಾನು ಎದ್ದು ಚಹಾಕ್ಕೆ ಇಡಲು ಹೋಗುತ್ತೇನೆ.

ಹೋದ ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬೆರಳು ಸೊಟ್ಟಗಾಗಿವೆ, ಒಂದು ಕಾಯಿ ಒಡೆಯಲು ಎರಡು ಸಲ ಹಿಚುಕಬೇಕು. ಆದರೂ ಆರಾಮಾಗಿದ್ದಳು. ಅದೇ ಹಳೆಯ ಸಾಲು ಗುನುಗುತ್ತಿದ್ದಳು. ಬಹಳ ದಿನಗಳ ಮೇಲೆ ಅದು ಕಿವಿಗೆ ಬಿದ್ದು ನನಗೆ ಖುಷಿಯಾಯಿತು. ಹೋಗಿ ಎದುರಿಗೆ ಕೂತೆ. ಯಾರೋ ವಿದ್ಯಾರ್ಥಿನಿ ಇಂಟರ್ನ್‌ಶಿಪ್ ರಿಪೋರ್ಟು ಕಳಿಸಿದ್ದಳು, ಅದನ್ನು ನೋಡೋಣವೆಂದು ಫೋನು ಕೈಗೆ ತೆಗೆದುಕೊಂಡೆ.

ಗುನುಗು ನಿಂತಿತು. ತಲೆಯೆತ್ತಿ ನೋಡಿದೆ. ದೊಡ್ಡವ್ವ ಬೆನ್ನು ನೆಟ್ಟಗೆ ಮಾಡಿಕೊಂಡು, ಮೊರವನ್ನು ಹತ್ತಿರ ಎಳೆದುಕೊಂಡು, ಆ ಸೊಟ್ಟ ಬೆರಳುಗಳಲ್ಲೇ ಲಗುಲಗು ಸುಲಿಯತೊಡಗಿದ್ದಳು. ಸಿಪ್ಪೆ ಚುಚ್ಚಿ ಹೆಬ್ಬೆರಳ ತುದಿಯಲ್ಲಿ ರಕ್ತ ಕಾಣುತ್ತಿತ್ತು.

ಫೋನನ್ನು ಬೋರಲು ಹಾಕಿ ದೂರ ಸರಿಸಿದೆ. "ದೊಡ್ಡವ್ವಾ, ನಾ ಟೈಮ್ ಹಚ್ಚಿಲ್ಲ. ಸಾವಕಾಶ ಮಾಡು" ಅಂದೆ.

"ಗೊತ್ತೈತಿ ಬಿಡು" ಅಂದಳು, ಕಣ್ಣೆತ್ತದೆ, ಕೈ ನಿಲ್ಲಿಸದೆ. "ಆದ್ರೂ ನಿನಗ ನಂಬರ್ ಕಡಿಮಿ ಬೀಳಬಾರದು."